ಕೆಂಚವ್ವ, ಚುರುಮ ಮತ್ತು ಮೂರನೆಯ ಒಲೆ

ಒಂದು ಸೀಮೆಯಿತ್ತು. ಆ ಸೀಮೆಯಲ್ಲಿ ಬಿಳಿಹೊಳೆ ಅಂತ ಒಂದು ಹೊಳೆ, ಹೊಳೆಯ ದಂಡೆಗೆ ಹೊಳೆಮರಳಿ ಅಂತ ಒಂದು ಊರು. ಆ ಊರಲ್ಲಿ ಮಂಡಕ್ಕಿ ಹುರಿದು ಬದುಕುವ ಕೆಂಚವ್ವ ಅನ್ನೋ ಹೆಣ್ಣುಮಗಳಿದ್ದಳು. ಮದುವೆಯ ಗೊಡವೆಗೆ ಹೋದವಳಲ್ಲ. ಅವ್ವ ಇರುವ ತನಕ ಅವ್ವನ ಜೊತೆ ಒಲೆ ಮುಂದೆ ಕೂತಳು. ಅವ್ವ ಸತ್ತ ಮೇಲೆ ಒಬ್ಬಳೇ ಕೂತಳು. ಕಾದ ಮರಳಿಗೆ ಅಕ್ಕಿ ಸುರಿದರೆ ಚಟಪಟ ಚಟಪಟ ಅಂತ ಅರಳುತ್ತಿತ್ತು. ಅದರ ಘಮ ಹೊಳೆಯಾಚೆಯ ದಾರಿಹೋಕರನ್ನೂ ನಿಲ್ಲಿಸುತ್ತಿತ್ತು.

ಒಂದು ಮಳೆಗಾಲ ಆ ಹೊಳೆಗೆ ಏನಾಯಿತೋ ಏನೋ, ದಿಕ್ಕು ಬದಲಿಸಿ ಊರ ಮೇಲೇ ಬಂತು. ಜನ ದಿಬ್ಬ ಹತ್ತಿ ಜೀವ ಉಳಿಸಿಕೊಂಡರು. ಕೆಂಚವ್ವ ನೋಡುತ್ತಿದ್ದ ಹಾಗೆಯೇ ಅವಳ ಮನೆಯ ಗೋಡೆಗಳು ನೀರಿಗೆ ಬಿದ್ದ ಬೆಲ್ಲದ ಹಾಗೆ ಕರಗಿಹೋದವು. ಮೊದಲು ಹಿತ್ತಲ ಗೋಡೆ, ಆಮೇಲೆ ಪಡಸಾಲೆ, ಕೊನೆಗೆ ಒಲೆಯ ಮೂಲೆ. ಅವಳು ಅಳಲಿಲ್ಲ. ಅಳುವುದಕ್ಕೂ ಒಂದು ಮೂಲೆ ಬೇಕಲ್ಲ!

ಆಗ ಕಾಲಿಗೆ ಏನೋ ತಣ್ಣಗೆ ತಾಗಿತು. ಬಗ್ಗಿ ನೋಡಿದರೆ ನಾಯಿಮರಿ. ಅಂಗೈಯಷ್ಟು ಮೈ, ಒದ್ದೆ ಬಾಲ, ಗಡಗಡ ನಡುಕ.

"ನನಗೇ ನೆಲೆ ಇಲ್ಲ, ನಿನ್ನನ್ನೆಲ್ಲಿ ಇಟ್ಟುಕೊಳ್ಳಲಿ? ಹೋಗು ಅತ್ತ," ಅಂದಳು.

ಅದು ಹೋಗಲಿಲ್ಲ. ಅವಳ ಸೆರಗಿನ ತುದಿ ಬಾಯಲ್ಲಿಟ್ಟು ಚುರುಚುರು ಜಗಿಯತೊಡಗಿತು. ಅವಳು ಅದಕ್ಕೆ ಚುರುಮ ಅಂತ ಹೆಸರಿಟ್ಟಳು. ಹೆಸರಿಟ್ಟ ಮೇಲೆ ಬಿಟ್ಟು ಹೋಗುವುದು ಹೇಗೆ?

ಆ ಸೀಮೆಯ ಅರಸ ಒಳ್ಳೆಯವನು. ಡಂಗುರ ಹೊಡೆಸಿದ. "ಹೊಳೆಮರಳಿಯವರು ಎಲ್ಲಿ ಬೇಕಾದರೂ ನೆಲೆ ನಿಲ್ಲಲಿ. ಯಾವ ಊರಿನ ಖಾಲಿ ಜಾಗದಲ್ಲಾದರೂ ಸರಿ, ಸಾಲಾಗಿ ಮೂರು ದಿನ ಒಲೆ ಹಚ್ಚಿ ಉಂಡರೆ ಆ ಜಾಗ ಅವರದು. ಮೂರನೆಯ ದಿನ ಹೊತ್ತು ಮುಳುಗಿದ ಮೇಲೆ ಅವರನ್ನು ಏಳಿಸುವ ಹಕ್ಕು ಯಾರಿಗೂ ಇಲ್ಲ."

ಊರವರೆಲ್ಲ ಅವರವರ ನೆಂಟರ ಕಡೆ ಹೊರಟರು. ಕೆಂಚವ್ವನಿಗೆ ನೆಂಟರಿಲ್ಲ. ಅಳಿದುಳಿದ ಬಾಣಲೆ, ಒಂದು ಜಾಲರಿ, ಒಂದು ಗಂಟು ಅಕ್ಕಿ ತಲೆ ಮೇಲೆ ಹೊತ್ತಳು. ಚುರುಮನನ್ನು ಮಡಿಲಿಗೆ ಹಾಕಿಕೊಂಡು ನಡೆದಳು.

ನಡೆದು ನಡೆದು ಮಲ್ಲಿಗೆಕೊಪ್ಪ ಅನ್ನೋ ಊರಿಗೆ ಬಂದಳು. ಮನೆಮನೆಗೂ ಹೂವಿನ ಪಾತಿ, ಬೀದಿಯೆಲ್ಲ ಘಮಘಮ. ಚುರುಮ ಮಡಿಲಿಂದ ಜಿಗಿಯಿತು, ಒಂದು ಬೇಲಿಯ ಬುಡದಲ್ಲಿ ಮಣ್ಣು ಕೆದರಿತು, ಸುತ್ತು ಹಾಕಿತು, ಮಲಗಿಬಿಟ್ಟಿತು. ಕೆಂಚವ್ವ ಒಲೆ ಹೂಡಿ ಮಂಡಕ್ಕಿ ಹುರಿದಳು. ಬಾಯಿಗೆ ಹಾಕಿಕೊಂಡು ಮುಖ ಕಿವುಚಿದಳು.

"ಇಲ್ಲಿಯ ಮರಳು ಕಪ್ಪು. ನಮ್ಮೂರ ಮರಳು ಹೇಗಿತ್ತು, ಸಕ್ಕರೆಯ ಹಾಗೆ! ಏಳೋ ಚುರುಮ, ಇದು ನಮ್ಮೂರಿನ ಹಾಗಿಲ್ಲ."

ಮತ್ತೆ ನಡೆದು ನಡೆದು ಹಾಸುಗಲ್ಲು ಅನ್ನೋ ಊರಿಗೆ ಬಂದಳು. ಕಲ್ಲಿನ ಮನೆಗಳು, ಅಕ್ಕರೆಯ ಜನ. ಕೇಳುವ ಮೊದಲೇ ಮಜ್ಜಿಗೆ ಕೊಟ್ಟರು, ಕೂರಲು ಚಾಪೆ ಹಾಸಿದರು. ಚುರುಮ ಅಲ್ಲಿಯೂ ಮಣ್ಣು ಕೆದರಿತು, ಸುತ್ತು ಹಾಕಿತು, ಮಲಗಿಬಿಟ್ಟಿತು. ಊರ ಕರುಗಳೊಡನೆ ಆಟಕ್ಕೂ ಬಿತ್ತು. ಕೆಂಚವ್ವ ಎರಡು ದಿನ ಒಲೆ ಹಚ್ಚಿದಳು. ಆದರೆ ಕಣ್ಣು ಮುಚ್ಚಿದರೆ ಕಿವಿ ಹೊಳೆಯ ಸದ್ದು ಹುಡುಕುತ್ತಿತ್ತು. ಆ ಸದ್ದು ಕೇಳುತ್ತಾ ಅವ್ವನ ತೊಡೆ ಮೇಲೆ ನಿದ್ದೆ ಹೋದವಳು ಅವಳು. ಕಲ್ಲಿನ ಊರಲ್ಲಿ ಹೊಳೆಯೆಲ್ಲಿ ಬರಬೇಕು?

"ಏಳೋ ಚುರುಮ, ಇದೂ ನಮ್ಮೂರಿನ ಹಾಗಿಲ್ಲ."

ಈ ಸಲ ಮರಿ ಕೂತಲ್ಲಿಂದ ಏಳಲಿಲ್ಲ. ಕುಂಯ್ ಅಂದಿತು. ಕೆಂಚವ್ವ ಎತ್ತಿಕೊಂಡೇ ಹೋಗಬೇಕಾಯಿತು. "ನಿನಗೇನಪ್ಪ, ಎಲ್ಲಿ ಮಣ್ಣಿದೆಯೋ ಅದೇ ಮನೆ," ಅಂತ ಗೊಣಗಿದಳು. ಗೊಣಗಿದರೂ ಅದರ ತಲೆ ಸವರುತ್ತಲೇ ನಡೆದಳು.

ಮತ್ತೂ ನಡೆದರು. ಜಾಲಿಕಟ್ಟೆ ಅನ್ನೋ ಊರ ಹತ್ತಿರ ಚುರುಮನ ಕಾಲಿಗೆ ಜಾಲಿಮುಳ್ಳು ಚುಚ್ಚಿ ಪಾದ ಬಾತುಕೊಂಡಿತು. ಆ ಊರೋ, ಹೂವಿಲ್ಲ, ಕಲ್ಲುಮನೆಯಿಲ್ಲ, ಬರೀ ಬಿಸಿಲು. ಕೆಂಚವ್ವ ಮನಸ್ಸಿಲ್ಲದ ಮನಸ್ಸಿನಿಂದ ಕೆರೆಯ ಪಕ್ಕದ ಖಾಲಿ ಜಾಗದಲ್ಲಿ ಗಂಟು ಇಳಿಸಿದಳು. ನಿಂಗಜ್ಜಿ ಅಂತ ಒಬ್ಬ ಮುದುಕಿ ನೀರಿಗೆ ಬಂದವಳು ಮರಿಯ ಕಾಲು ನೋಡಿದಳು. ಮುಳ್ಳು ಕಿತ್ತಳು, ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿದಳು.

"ಯಾವೂರವ್ವ ನಿಂದು?"

"ಹೊಳೆಮರಳಿ."

"ಅಯ್ಯೋ, ಆ ನೀರಲ್ಲಿ ಹೋದ ಊರೇ? ಹೇಗಿತ್ತವ್ವ ನಿಮ್ಮೂರು?"

ಹೊರಟಾಗಿನಿಂದ ಆ ಮಾತು ಯಾರೂ ಕೇಳಿರಲಿಲ್ಲ. ಕೆಂಚವ್ವ ಹೇಳತೊಡಗಿದಳು. ಬೆಳ್ಳಂಬೆಳಗಿನ ಮಂಜು, ದೋಣಿಯವನ ಕೂಗು, ಒದ್ದೆ ಸೀರೆ ಬಡಿಯುವ ಸದ್ದು, ಅವ್ವನ ಬೆರಳಲ್ಲಿ ಯಾವಾಗಲೂ ಇರುತ್ತಿದ್ದ ಸುಟ್ಟ ಗುಳ್ಳೆ. ನಿಂಗಜ್ಜಿ ಕೊಡ ಕೆಳಗಿಟ್ಟು ಕೂತು ಕೇಳಿದಳು. ಕೇಳುತ್ತಾ ಕಣ್ಣೊರೆಸಿಕೊಂಡಳು. ಕೆಂಚವ್ವನಿಗೆ ಎದೆ ಹಗುರಾಯಿತು. ನೆರೆಯವಳೊಬ್ಬಳು ಸಿಕ್ಕಳು, ಇನ್ನೇನು ಬೇಕು ಅನ್ನಿಸಿತು. ಇಲ್ಲೇ ಇರೋಣ ಅಂದುಕೊಂಡಳು.

ಆದರೆ ಆ ಊರಿಗೊಬ್ಬ ಭರಮಗೌಡ. ಆ ಜಾಗದ ಮೇಲೆ ಅವನಿಗೆ ಬಹಳ ದಿನದ ಕಣ್ಣು. ಊರಿಗೆ ಸೇರಿದ್ದನ್ನು ಮೆಲ್ಲಗೆ ತನ್ನ ಹಟ್ಟಿಗೆ ಸೇರಿಸಿಕೊಳ್ಳುವ ಆಸೆ. ಅರಸನ ಮಾತು ಇರುವಾಗ ಕುತ್ತಿಗೆ ಹಿಡಿದು ನೂಕುವ ಹಾಗಿಲ್ಲ. ಒಲೆ ಹೊತ್ತದಂತೆ ಮಾಡಿದರೆ ಸಾಕಲ್ಲ!

ಮೊದಲ ದಿನ, "ಈ ಹೆಂಗಸಿಗೆ ಯಾರೂ ಸೌದೆ ಕೊಡಬೇಡಿ," ಅಂದ. ಕೆಂಚವ್ವ ಒಣಗಿದ ಜಾಲಿಮುಳ್ಳು ಆಯ್ದು ತಂದಳು. ಒಲೆ ಹೊತ್ತಿತು.

ಎರಡನೆಯ ದಿನ, "ಕೆರೆಗೆ ಕಾಲಿಟ್ಟೀಯಾ ಜೋಕೆ," ಅಂತ ಆಳು ನಿಲ್ಲಿಸಿದ. ನಿಂಗಜ್ಜಿ ಮುಂದಾದಳು. ನೀರಿಗೆ ಬಂದ ಹೆಂಗಸರೆಲ್ಲ ಹೋಗುವಾಗ ಒಂದೊಂದು ಬೊಗಸೆ ಕೆಂಚವ್ವನ ಗಡಿಗೆಗೆ ಸುರಿದು ಹೋದರು. ಒಲೆ ಹೊತ್ತಿತು.

ಮೂರನೆಯ ದಿನ ಗೌಡ ಎರಡಕ್ಕೂ ಕಾವಲು ಹಾಕಿದ. ಮುಳ್ಳೂ ಇಲ್ಲ, ನೀರೂ ಇಲ್ಲ. ಕೆಂಚವ್ವ ತಣ್ಣನೆಯ ಒಲೆ ಮುಂದೆ ಸುಮ್ಮನೆ ಕೂತಿದ್ದಳು. ಹೊತ್ತು ನೆತ್ತಿಗೇರಿ ಇಳಿಯತೊಡಗಿತು. ಇಷ್ಟು ಸಾಲದು ಅಂತ ಗೌಡ ತಾನೇ ಬಂದ. ಮುಖದ ತುಂಬ ನಗು.

"ಕೆಂಚವ್ವಾ, ನಿನಗೊಂದು ಸಿಹಿ ಸುದ್ದಿ! ಬಿಳಿಹೊಳೆ ಹಳೆಯ ದಾರಿಗೇ ಹೋಯಿತಂತೆ. ನಿಮ್ಮೂರು ಮತ್ತೆ ಎದ್ದಿದೆ. ಇನ್ನು ಈ ಮುಳ್ಳಿನ ಊರು ನಿನಗ್ಯಾಕೆ? ಈಗಲೇ ಹೊರಡು."

ಕೆಂಚವ್ವನ ಕೈ ತಾನಾಗಿ ಗಂಟಿನ ಕಡೆ ಹೋಯಿತು. "ಹೌದೇ ಗೌಡ್ರೇ? ಇನ್ನೊಂದು ಸಲ ಹೇಳಿ."

"ಹೌದವ್ವ. ಜನ ಎಲ್ಲ ವಾಪಸು ಬಂದಿದ್ದಾರೆ. ದೋಣಿ ಓಡಾಡ್ತಿದೆ. ಕೆಂಚವ್ವ ಎಲ್ಲಿ, ಮಂಡಕ್ಕಿ ಎಲ್ಲಿ ಅಂತ ಎಲ್ಲರೂ ಕೇಳ್ತಿದ್ದಾರೆ."

ಅವಳ ಕಣ್ಣು ತುಂಬಿತು. ತನ್ನ ಮನೆ ಕರಗಿದ್ದನ್ನು ಕಣ್ಣಾರೆ ಕಂಡಿದ್ದಳು. ಆದರೂ ಆ ಮಾತು ಎಷ್ಟು ಹಿತವಾಗಿತ್ತು! ಸುಳ್ಳೇ ಇದ್ದೀತು ಅನ್ನಿಸಿದರೂ ಇನ್ನಷ್ಟು ಕೇಳಬೇಕೆನಿಸಿತು. "ಇನ್ನೊಂದು ಸಲ ಹೇಳಿ ಗೌಡ್ರೇ. ನನ್ನ ಮನೆ?"

ಗೌಡನಿಗೆ ಹುರುಪು ಬಂತು. "ನಿನ್ನ ಮನೆ ಇದ್ದ ಹಾಗೇ ಇದೆ. ನಾನೇ ಕಣ್ಣಾರೆ ನೋಡಿ ಬಂದೆ. ನಿಮ್ಮವ್ವ ಬಾಗಿಲಲ್ಲಿ ನಿಂತು ನಿನ್ನ ದಾರಿ ಕಾಯ್ತಿದ್ದಾಳೆ!"

ಕೆಂಚವ್ವ ಗಂಟಿನ ಮೇಲಿದ್ದ ಕೈ ತೆಗೆದಳು. ತೀರಿಹೋದ ಅವ್ವನ ಹೆಸರು ಹೇಳಿ ನನ್ನನ್ನು ಈ ನೆಲದಿಂದ ಏಳಿಸಲು ಬಂದನೇ ಅಂತ ಹೊಟ್ಟೆ ಉರಿಯಿತು. ಪಕ್ಕದಲ್ಲಿ ಚುರುಮ ಕುಂಟುಗಾಲು ಚಾಚಿ ಗೊರಕೆ ಹೊಡೆಯುತ್ತಿತ್ತು. ಅವಳು ಅದರ ಬೆನ್ನ ಮೇಲೆ ಕೈಯಿಟ್ಟು ಉರಿ ನುಂಗಿಕೊಂಡಳು. ಆಮೇಲೆ ನಕ್ಕಳು.

"ಗೌಡ್ರೇ, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು! ಸಿಹಿ ಸುದ್ದಿ ತಂದವರಿಗೆ ಬಿಸಿ ಮಂಡಕ್ಕಿ ಕೊಡದೆ ಕಳಿಸಿದರೆ ನನಗೆ ಸಮಾಧಾನವಾಗಲ್ಲ. ನಿಮಗೊಬ್ಬರಿಗೇ ಕೊಟ್ಟರೂ ಆಗಲ್ಲ, ಊರಿಗೆಲ್ಲ ಕೊಡಬೇಕು. ಏನು ಮಾಡಲಿ, ಸೌದೆಯಿಲ್ಲ, ನೀರಿಲ್ಲ."

ಗೌಡ ಮನಸ್ಸಲ್ಲೇ ಕುಣಿದ. ತಿಂದು ಕಳಿಸಿಬಿಟ್ಟರೆ ಪೀಡೆ ತೊಲಗಿತು! "ಅಷ್ಟೇ ತಾನೇ? ಏ ಯಾರಲ್ಲಿ, ನಮ್ಮ ಹಟ್ಟಿಯಿಂದ ಒಳ್ಳೆ ಸೌದೆ ತನ್ನಿ! ಬೇಗ!" ಆಳುಗಳು ಸೌದೆ ತಂದು ಹಾಕಿದರು. ನೀರು ಹೊರಲು ಮಾತ್ರ ಯಾರೂ ಜಗ್ಗದಿದ್ದಾಗ ತಾನೇ ಕಚ್ಚೆ ಬಿಗಿದು ಕೆರೆಗಿಳಿದು ಎರಡು ಕೊಡ ನೀರು ಹೊತ್ತು ತಂದ. ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಊದುಗೊಳವೆ ಹಿಡಿದು ಉಫ್ ಉಫ್ ಅಂತ ಊದಿದ.

ಒಲೆ ಹೊತ್ತಿತು! ಕೆಂಚವ್ವ ಅಕ್ಕಿಗೆ ಉಪ್ಪುನೀರು ಚಿಮುಕಿಸಿದಳು, ಕೆರೆಯ ದಪ್ಪ ಮರಳು ಕಾಯಿಸಿದಳು. ಚಟಪಟ ಚಟಪಟ. ಸ್ವಲ್ಪ ಕೆಂಪಗಾಯಿತು, ಆದರೂ ಘಮ ಊರೆಲ್ಲ ಹರಡಿತು. ಜನ ಬಂದರು, ಬೊಗಸೆ ಒಡ್ಡಿದರು. ಗೌಡ ಎರಡು ಬೊಗಸೆ ತಿಂದ. ಕೆಂಚವ್ವ ತಾನೂ ಒಂದು ಹಿಡಿ ತಿಂದಳು. ಅಷ್ಟು ಹೊತ್ತಿಗೆ ಕೆರೆಯಾಚೆ ಹೊತ್ತು ಮುಳುಗಿತು.

"ಇನ್ನು ಹೊರಡವ್ವ," ಅಂದ ಗೌಡ, ಬಾಯಿ ಒರೆಸಿಕೊಳ್ಳುತ್ತಾ.

"ಎಲ್ಲಿಗೆ ಗೌಡ್ರೇ? ನಮ್ಮವ್ವ ತೀರಿಕೊಂಡು ಎಷ್ಟೋ ಮಳೆಗಾಲ ಆಯಿತು. ಅವಳನ್ನು ಬಾಗಿಲಲ್ಲಿ ಕಂಡವರು ನೀವೊಬ್ಬರೇ. ಮೂರನೆಯ ದಿನದ ಒಲೆಗೆ ಸೌದೆ ಕೊಟ್ಟವರು ನೀವು, ನೀರು ಹೊತ್ತವರು ನೀವು, ಊದಿ ಹೊತ್ತಿಸಿದವರೂ ನೀವೇ. ಉಂಡ ಊರೆಲ್ಲ ಸಾಕ್ಷಿ. ಅರಸರು ಕೇಳಿದರೆ ನಿಮ್ಮ ಉಪಕಾರ ಮರೆಯದೆ ಹೇಳ್ತೀನಿ."

ನಿಂಗಜ್ಜಿ ಮೊದಲು ನಕ್ಕಳು. ಆಮೇಲೆ ಊರೇ ನಕ್ಕಿತು. ಗೌಡ ಖಾಲಿ ಕೊಡ ಅಲ್ಲೇ ಬಿಟ್ಟು, ತಲೆ ತಗ್ಗಿಸಿ ಮನೆಯ ದಾರಿ ಹಿಡಿದ. ಮತ್ತೆ ಆ ಜಾಗದ ತಂಟೆಗೆ ಬರಲಿಲ್ಲ.

ಕೆಂಚವ್ವ ಅಲ್ಲೇ ಗುಡಿಸಲು ಹಾಕಿದಳು. ಹೊಳೆಮರಳಿಯನ್ನು ಮರೆತಳೇ? ಇಲ್ಲ ಮಕ್ಕಳೇ, ಮರೆಯುವುದುಂಟೇ! ಕೆಲಸ ಮುಗಿದ ಮೇಲೆ ನಿಂಗಜ್ಜಿಯ ಜೊತೆ ಜಗಲಿಯಲ್ಲಿ ಕೂತು ಅದೇ ಮಂಜು, ಅದೇ ದೋಣಿ, ಅದೇ ಅವ್ವನ ಕತೆ ಹೇಳುತ್ತಿದ್ದಳು. ಕೆಲವು ದಿನ ಹೇಳುತ್ತಾ ಹೇಳುತ್ತಾ ಅತ್ತುಬಿಡುತ್ತಿದ್ದಳು. ಆಗ ನಿಂಗಜ್ಜಿ ಅವಳ ಕೈಗೆ ಒಂದು ಹಿಡಿ ಮಂಡಕ್ಕಿ ಇಡುತ್ತಿದ್ದಳು.

ಅದಕ್ಕೇ ಹೇಳುವುದು, ಕಳೆದುಹೋದ ಊರಿಗಾಗಿ ಮರುಗುವುದು ತಪ್ಪಲ್ಲ. ಆದರೆ ಆ ಊರಿನಂಥದ್ದೇ ಇನ್ನೊಂದು ಬೇಕು ಅಂತ ಹಟ ಹಿಡಿದರೆ ಎಲ್ಲಿಯೂ ನಿಲ್ಲಲಾಗದು. ಇನ್ನೊಬ್ಬರ ನೆನಪನ್ನೇ ಬಲೆ ಮಾಡಿ ಬೀಸಲು ಹೋದವನಿಗೆ ಭರಮಗೌಡನ ಗತಿಯೇ ಆಗುತ್ತದೆ. ಕತೆ ಕೇಳಿದಿರಲ್ಲ, ಇನ್ನು ಎದ್ದು ಹೋಗಿ, ನಿಮ್ಮ ನಿಮ್ಮ ಮನೆಯಲ್ಲಿ ಒಲೆ ಹೊತ್ತಿರಬೇಕು.