ಆಗಮನಾಭಿಲಾಷಿಗಳ ಇ-ಮೇಲ್

ಗದಗಿನಲ್ಲಿ ಕೊಟಗಿಯವರ ಮುದ್ರಣಾಲಯ ಲಗ್ನಪತ್ರಿಕೆಗೆ ಹೆಸರುವಾಸಿ. ಕಾಗದ ಎಲ್ಲ ಕಡೆ ಸಿಗುತ್ತದೆ, ಬಣ್ಣವೂ ಸಿಗುತ್ತದೆ. ಆದರೆ ಯಜಮಾನ ಚನ್ನವೀರಪ್ಪನವರು ಬರೆದುಕೊಡುವ ಕೊನೆಯ ಸಾಲು ಮಾತ್ರ ಬೇರೆ ಎಲ್ಲಿಯೂ ಸಿಗುತ್ತಿರಲಿಲ್ಲ. ‘ತಾವು ಬಂದರೆ ಚಪ್ಪರಕ್ಕೆ ಹಸಿರು, ತಾವು ಹರಸಿದರೆ ವಧೂವರರಿಗೆ ಉಸಿರು. ತಮ್ಮ ಆಗಮನಾಭಿಲಾಷಿಗಳು’ ಎಂದು ಅವರು ಬರೆದರೆ ಬೀಗರು ಮತ್ತೆ ಮತ್ತೆ ಓದಿ ತಲೆದೂಗುತ್ತಿದ್ದರು.

ಆ ವರ್ಷ ಮುಹೂರ್ತಗಳು ಸಾಲಾಗಿ ಬಂದಿದ್ದವು. ಒಪ್ಪಿಕೊಂಡ ಕೆಲಸ ಮೇಜಿನ ಮೇಲೆ ರಾಶಿ ಬಿದ್ದಿತ್ತು. ಸರಿಯಾಗಿ ಅದೇ ಹೊತ್ತಿಗೆ ಅಚ್ಚಿನ ಯಂತ್ರ ಕೈಕೊಟ್ಟಿತು. ಒಮ್ಮೆ ಗರಗರ ಎಂದಿತು, ಒಂದು ಹಾಳೆಯನ್ನು ಅರ್ಧ ನುಂಗಿತು, ಮತ್ತೆ ಮಿಸುಕಲಿಲ್ಲ. ಊರಿನ ರಿಪೇರಿಯವರು ಬಂದು ನೋಡಿ, ಇದಕ್ಕೆ ಕಂಪನಿಯವರೇ ಬರಬೇಕು ಎಂದು ಕೈ ಒರೆಸಿಕೊಂಡು ಹೋದರು.

ಕಂಪನಿಯ ಸೇವಾ ಕಚೇರಿ ಬೆಂಗಳೂರಿನಲ್ಲಿತ್ತು. ಫೋನು ಮಾಡಿದರೆ ರೆಕಾರ್ಡು ಮಾಡಿಟ್ಟ ಧ್ವನಿಯೊಂದು, ದೂರುಗಳನ್ನು ಇ-ಮೇಲಿನಲ್ಲಿ ಮಾತ್ರ ಸ್ವೀಕರಿಸುತ್ತೇವೆ, ಕನ್ನಡದಲ್ಲಿಯೂ ಬರೆಯಬಹುದು ಎಂದು ಹೇಳಿ ತಾನಾಗಿಯೇ ಕಟ್ಟಾಗುತ್ತಿತ್ತು. ಮುದ್ರಣಾಲಯದ ಇ-ಮೇಲ್ ನೋಡಿಕೊಳ್ಳುವವಳು ಸೊಸೆ ಕಸ್ತೂರಿ. ಅವಳ ಗಂಡ ಶಿವಯೋಗಿ ಮಾದರಿ ಕಾರ್ಡುಗಳ ಚೀಲ ಹೊತ್ತು ಊರೂರು ತಿರುಗುತ್ತಿದ್ದ.

“ಕಸ್ತೂರೀ, ಬರೋ ಶನಿವಾರದೊಳಗ ಯಂತ್ರ ತಿರುಗದಿದ್ರ ಎಲ್ಲಾರ ಮನಿಗೂ ನಾನ ಹೋಗಿ, ಕೈ ಮುಗದು, ಒಪ್ಪಿಕೊಂಡ ಕೆಲಸ ತಿರುಗಿ ಕೊಟ್ಟು ಬರ್ತೀನಿ,” ಎಂದರು ಚನ್ನವೀರಪ್ಪ. “ಆಮ್ಯಾಲೆ ಈ ಬಾಗಲಾ ತೆಗಿಯೂದು ಯಾತಕ್ಕ?”

ಅದು ಬರಿಯ ಮಾತಾಗಿರಲಿಲ್ಲ. ಎದುರಿನ ಓಣಿಯಲ್ಲಿ ಹೊಸದಾಗಿ ಒಂದು ಡಿಜಿಟಲ್ ಮುದ್ರಣದ ಅಂಗಡಿ ತೆರೆದಿತ್ತು. ಗಿರಾಕಿ ಒಮ್ಮೆ ಆ ಓಣಿಗೆ ದಾಟಿದರೆ ಮರಳಿ ಬರುವುದಿಲ್ಲವೆಂದು ಕಸ್ತೂರಿಗೂ ಗೊತ್ತಿತ್ತು.

ಅವಳು ಬರೆಯಲು ಕುಳಿತಳು. ಯಂತ್ರ ಯಾವುದು, ಕೊಂಡದ್ದು ಯಾವಾಗ, ನಿಂತದ್ದು ಹೇಗೆ, ನಿಲ್ಲುವ ಮೊದಲು ಎಂಥ ಶಬ್ದ ಮಾಡಿತು, ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದಳು. ಕೊನೆಗೆ ಬಂದಾಗ ಕೈ ನಿಂತಿತು.

“ಮಾವಾರ, ಕಡೀಕ ಏನ್ ಬರೀಲಿ?”

ಇಂಥ ಪ್ರಶ್ನೆಗಾಗಿಯೇ ಕಾದಿದ್ದವರಂತೆ ಚನ್ನವೀರಪ್ಪ ಕಣ್ಣು ಮುಚ್ಚಿ ಹೇಳತೊಡಗಿದರು. ‘ನಿಂತಿರುವ ಯಂತ್ರವು ತಮ್ಮ ಕರಸ್ಪರ್ಶಕ್ಕಾಗಿ ಹಂಬಲಿಸುತ್ತಿದೆ. ತಾವು ದಯಮಾಡಿಸಿ ನಮ್ಮನ್ನು ಆನಂದಗೊಳಿಸಬೇಕಾಗಿ ವಿನಂತಿ. ತಮ್ಮ ಆಗಮನಾಭಿಲಾಷಿಗಳು, ಕೊಟಗಿ ಬಂಧುಗಳು.’

“ಬಂಧುಗಳು ಅಂತ ಹಾಕೂದೇನ್ರಿ? ಅವರು ಕಂಪನಿಯವರು.”

“ಹಾಕು. ಬೀಗರಿಗೆ ಹಿಡಿಸಿದ್ದು ಕಂಪನಿಯವರಿಗೆ ಹಿಡಸೂದಿಲ್ಲೇನು?”

ಕಳುಹಿಸಿದ ಕೂಡಲೇ ಉತ್ತರ ಬಂದಿತು: ‘ತಮ್ಮ ಪತ್ರ ತಲುಪಿದೆ. ಧನ್ಯವಾದಗಳು.’ ಅದು ಯಾರಿಗೇ ಬರೆದರೂ ತಾನಾಗಿ ಬರುವ ಉತ್ತರ. ಚನ್ನವೀರಪ್ಪನವರಿಗೆ ಮಾತ್ರ ಬಹಳ ಸಂತೋಷವಾಯಿತು. ಆದರೆ ಮರುದಿನ ಯಾರೂ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಆ ಸಾಲು ಬಹಳ ಸಲಿಗೆಯದಾಯಿತೇನೋ ಎಂದು ಕಸ್ತೂರಿಗೆ ಅನ್ನಿಸಿತು. ಶಾಲೆಯಲ್ಲಿ ರಜೆ ಕೇಳಿ ಬರೆಯುತ್ತಿದ್ದ ಅರ್ಜಿಗಳು ನೆನಪಾದವು. ಮಾವನಿಗೆ ಹೇಳದೆ ಇನ್ನೊಂದು ಇ-ಮೇಲ್ ಬರೆದು, ‘ತಮಗೆ ಬಿಡುವಾದಾಗ, ತಮ್ಮ ಅನುಕೂಲದಂತೆ ಗಮನಿಸಬೇಕು. ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ ಇರಲಿ. ತಮ್ಮ ವಿಧೇಯಳು’ ಎಂದು ಮುಗಿಸಿದಳು. ಕಳುಹಿಸಿದ ಮೇಲೆ ಗೊಂದಲವಾಯಿತು. ಯಂತ್ರ ನಿಂತು ತೊಂದರೆಯಾದದ್ದು ನಮಗೆ. ಹಾಗಿದ್ದರೆ ಕ್ಷಮೆ ಕೇಳಿದ್ದು ಯಾಕೆ? ಅದೇ ಉತ್ತರ ಮತ್ತೆ ಬಂದಿತು: ‘ತಮ್ಮ ಪತ್ರ ತಲುಪಿದೆ. ಧನ್ಯವಾದಗಳು.’

ಅಂದು ಸಂಜೆ ರೋಣದಿಂದ ಶಿವಯೋಗಿ ಫೋನು ಮಾಡಿದ. ಕಸ್ತೂರಿ ನಡೆದದ್ದನ್ನೆಲ್ಲ ಹೇಳಿದಳು.

“ಹಿಂಗ ಮೆತ್ತಗ ಬರದ್ರ ಯಾರ್ ಏಳ್ತಾರಲೇ? ಜೋರ್ ಮಾಡು. ‘ಕೂಡಲೇ ಬರದಿದ್ದರೆ ಮುಂದಾಗುವ ಎಲ್ಲ ಪರಿಣಾಮಗಳಿಗೂ ನೀವೇ ಹೊಣೆ’ ಅಂತ ಹಾಕು. ನಾಳೆ ಮುಂಜಾನೆ ಬಾಗಲಾ ಬಡೀತಾರ, ನೋಡ್ತಿರು.”

ಅವಳು ಹಾಗೆಯೇ ಬರೆದಳು. ಈ ಸಲ ಬೇರೆ ಉತ್ತರ ಬಂದಿತು: ‘ತಮ್ಮ ಪತ್ರವನ್ನು ಪರಿಶೀಲನೆಗಾಗಿ ಕಾನೂನು ವಿಭಾಗಕ್ಕೆ ಕಳುಹಿಸಲಾಗಿದೆ.’

“ಮಾವಾರ, ಕಾನೂನು ವಿಭಾಗದಾಗ ಮೆಕ್ಯಾನಿಕ್ ಇರ್ತಾರೇನ್ರಿ?”

“ವಕೀಲರು ಇರ್ತಾರ,” ಎಂದರು ಚನ್ನವೀರಪ್ಪ. “ಯಂತ್ರಕ್ಕ ಜಾಮೀನು ಕೊಡಸ್ತಾರೇನೋ.”

ಕಸ್ತೂರಿಗೆ ದಿಕ್ಕೇ ತೋಚದಾಯಿತು. ಗೌರವದಿಂದ ಕರೆದರೆ ಬರಲಿಲ್ಲ. ತಗ್ಗಿ ಬೇಡಿದರೆ ಬರಲಿಲ್ಲ. ಗದರಿಸಿದರೆ ಪತ್ರ ವಕೀಲರ ಮೇಜಿಗೆ ಹೋಗಿ ಕುಳಿತಿತು. ಇಂಟರ್ನೆಟ್ಟಿನಲ್ಲಿ ಹುಡುಕಿದಳು. ಪತ್ರ ಮುಗಿಸುವ ಸಾಲುಗಳು ಸೀರೆ ಅಂಗಡಿಯ ಸೀರೆಗಳಂತೆ ಒಂದರ ಮೇಲೊಂದು ಬಿಚ್ಚಿಕೊಂಡವು. ಗೌರವಪೂರ್ವಕವಾಗಿ, ವಿಶ್ವಾಸಪೂರ್ವಕವಾಗಿ, ತಮ್ಮ ಸಹಕಾರದ ನಿರೀಕ್ಷೆಯಲ್ಲಿ, ಸದಾ ತಮ್ಮ ಸೇವೆಯಲ್ಲಿ. ಓದಿದಾಗ ಪ್ರತಿಯೊಂದೂ ಸರಿ ಎನ್ನಿಸಿತು. ನಿಂತ ಯಂತ್ರದ ಕಡೆ ನೋಡಿದಾಗ ಪ್ರತಿಯೊಂದೂ ತಪ್ಪು ಎನ್ನಿಸಿತು. ಯಾವುದನ್ನು ಆರಿಸುವುದು? ಆರಿಸುವುದಕ್ಕೆ ಆಧಾರವಾದರೂ ಏನು?

ಮಂಗಳವಾರ ಬೆಳಿಗ್ಗೆ ಡ್ರಿಲ್ ಮಾಸ್ತರ ನೀಲಪ್ಪ ಬೂದಿಹಾಳ ಮೆಟ್ಟಿಲು ಹತ್ತಿ ಬಂದರು. ಅವರ ಮಗಳ ಲಗ್ನದ ಕಾರ್ಡುಗಳಲ್ಲಿ ಅರ್ಧ ಅಚ್ಚಾದ ಮೇಲೆ ಯಂತ್ರ ನಿಂತಿತ್ತು. ಆ ಅರ್ಧವನ್ನು ಅವರು ಒಯ್ದು ಹಂಚಿದ್ದರು. ಉಳಿದ ಅರ್ಧಕ್ಕಾಗಿ ಈಗ ಬಂದಿದ್ದರು.

“ಅಜ್ಜಾರ, ಶನಿವಾರ ಕಾರ್ಡು ಸಿಗ್ತಾವೋ ಇಲ್ಲೋ, ಖರೇ ಹೇಳ್ರಿ. ಇಲ್ಲಂದ್ರ ಎದುರಿನ ಓಣಿಗೆ ಹೋಗ್ತೀನಿ. ಬ್ಯಾಸರ ಮಾಡ್ಕೋಬ್ಯಾಡ್ರಿ.”

ಚನ್ನವೀರಪ್ಪನವರ ಮುಖ ಸಣ್ಣದಾಯಿತು. ಮಾಸ್ತರರನ್ನು ಕೂಡಿಸಿದರು, ಚಹಾ ತರಿಸಿದರು, ಮಾತನ್ನು ಬೇರೆಡೆಗೆ ಹೊರಳಿಸಿದರು.

“ಹಂಚಿದ ಕಾರ್ಡು ಓದಿ ಮಂದಿ ಏನಂದ್ರು ಮಾಸ್ತರ?”

“ಭಾಳ ಖುಷಿ ಪಟ್ರು. ಆದ್ರ ಯಾರ್ ಬರ್ತಾರ, ಎಷ್ಟ ಮಂದಿ ಬರ್ತಾರ, ಒಬ್ಬರೂ ಬಾಯಿ ಬಿಡವಲ್ರು. ಅಡಗಿಯವ ಎಷ್ಟ ಎಲಿ, ಎಷ್ಟ ಎಲಿ ಅಂತ ನನ್ನ ಜೀವಾ ತಿನ್ನಾಕತ್ಯಾನ.”

“ಕಾರ್ಡಿಗೆ ಯಾರರ ಉತ್ತರ ಕೊಡ್ತಾರೇನ್ರಿ?” ಚನ್ನವೀರಪ್ಪ ನಕ್ಕರು. “ಓದ್ತಾರ, ದೇವರ ಜಗಲಿ ಮ್ಯಾಲೆ ಇಡ್ತಾರ. ಮನಸ್ಸಿಗೆ ಬಂದ್ರ ಬರ್ತಾರ. ಅದ ನಮ್ಮ ಪದ್ಧತಿ.”

“ನಿಮ್ಮ ಪದ್ಧತಿ ಕಟಗೊಂಡು ನಾ ಏನ್ ಮಾಡ್ಲಿ? ಅದಕ್ಕ ನಿನ್ನೆ ನಮ್ಮ ತಂಗಿಗೆ ಫೋನ್ ಹಚ್ಚಿ, ‘ರತ್ನಾ, ನಿಮ್ಮ ಮನಿಯಿಂದ ಎಷ್ಟ ಮಂದಿ? ಸಂಜೀಕ ಅಡಗಿಯವಗ ಹೇಳಬೇಕು’ ಅಂತ ಕೇಳಿದೆ. ‘ಒಂಬತ್ತು, ನಮ್ಮತ್ತಿ ಮನಸ್ಸು ಮಾಡಿದ್ರ ಹತ್ತು’ ಅಂದ್ಲು. ಮುಗೀತು! ಅಕಿಗೂ ಇದ ಕಾರ್ಡು ಕೊಟ್ಟು ಎಂಟು ದಿವಸ ಆಗಿತ್ತು.”

ಚಹಾದ ಬಟ್ಟಲು ಹಿಡಿದು ನಿಂತಿದ್ದ ಕಸ್ತೂರಿ ಅದನ್ನು ಮಾಸ್ತರರಿಗೆ ಕೊಡುವುದನ್ನೇ ಮರೆತಳು.

ಇಷ್ಟು ದಿನ ತಾನು ಬೆಂಗಳೂರಿಗೆ ಕಳುಹಿಸಿದ್ದು ಲಗ್ನಪತ್ರಿಕೆ! ಓದಿ ಸಂತೋಷಪಟ್ಟು ಎತ್ತಿಡುವಂಥದ್ದು. ಅದಕ್ಕೆ ಯಾರು ಉತ್ತರ ಕೊಡುತ್ತಾರೆ? ಕರೆದದ್ದಾಯಿತು, ಬೇಡಿದ್ದಾಯಿತು, ಬೆದರಿಸಿದ್ದೂ ಆಯಿತು. ಆದರೆ ಕೇಳಲಿಲ್ಲ. ಯಾವ ದಿನ ಬರುತ್ತೀರಿ ಎಂದು ಒಂದು ಪತ್ರದಲ್ಲಿಯೂ ಕೇಳಲಿಲ್ಲ.

“ಮಾಸ್ತರ, ಇವತ್ತ ಸಂಜೀತನಕ ತಡೀರಿ,” ಎಂದಳು. “ಸಂಜೀಕ ಹೌದೋ ಇಲ್ಲೋ ನಾನ ಹೇಳ್ತೀನಿ.”

“ಸಂಜೀತನಕ ಅಷ್ಟ ನೋಡವ್ವಾ, ತಂಗಿ. ಮೊದಲ ಆ ಚಹಾ ಕೊಡು.”

ಹೇಳಿದ್ದು ಸುಲಭ. ಬರೆಯಲು ಕುಳಿತಾಗ ಅನುಮಾನಗಳು ಮತ್ತೆ ಮುತ್ತಿಕೊಂಡವು. ದೊಡ್ಡ ಕಂಪನಿಯವರಿಗೆ ನಾವೇ ದಿನ ಗೊತ್ತುಮಾಡಿ ಕೇಳಿದರೆ ಸೊಕ್ಕು ಎನ್ನುವುದಿಲ್ಲವೇ? ಬರೆದಳು, ಅಳಿಸಿದಳು. ‘ದಯಮಾಡಿ’ ಎಂದು ಸೇರಿಸಿದಳು, ತೆಗೆದಳು, ಮತ್ತೆ ಸೇರಿಸಿದಳು. ಕೊನೆಗೆ ಉಳಿದದ್ದು ಇಷ್ಟು:

‘ಗುರುವಾರ ಬೆಳಿಗ್ಗೆ ಮೆಕ್ಯಾನಿಕ್ ಒಬ್ಬರನ್ನು ಗದಗಿಗೆ ಕಳುಹಿಸಲು ಆಗುತ್ತದೆಯೇ? ಶನಿವಾರ ನಾವು ಒಂದು ಮದುವೆಯ ಕಾರ್ಡು ಕೊಡಬೇಕಾಗಿದೆ. ಆಗುತ್ತದೆ ಅಥವಾ ಆಗುವುದಿಲ್ಲ ಎಂದು ದಯಮಾಡಿ ಇಂದು ಸಂಜೆಯೊಳಗೆ ತಿಳಿಸಿರಿ. ವಂದನೆಗಳು. ಕಸ್ತೂರಿ ಕೊಟಗಿ.’

ಚನ್ನವೀರಪ್ಪ ಬಗ್ಗಿ ಓದಿದರು. “ಇಷ್ಟನಾ? ಇದೇನು ಬರವಣಿಗೆಯೋ, ಬಸ್ಸಿನ ಬೋರ್ಡೋ?”

“ಬೋರ್ಡು ನೋಡೇ ಮಂದಿ ಬಸ್ಸು ಹತ್ತತಾರಲ್ರಿ, ಮಾವಾರ.”

ಬಿಸಿಲು ಇಳಿಯುವ ಮೊದಲೇ ಉತ್ತರ ಬಂದಿತು. ಈ ಸಲ ಬರೆದವರಿಗೆ ಒಂದು ಹೆಸರಿತ್ತು.

‘ಗುರುವಾರ ಬೆಳಿಗ್ಗೆ ಆಗುವುದಿಲ್ಲ. ಅದೇ ದಿನ ಮಧ್ಯಾಹ್ನ ನಮ್ಮವರು ಕೊಪ್ಪಳದ ಕೆಲಸ ಮುಗಿಸಿ ಗದಗಿಗೆ ಬರುತ್ತಾರೆ. ನಿಮ್ಮ ಹಿಂದಿನ ಪತ್ರಗಳನ್ನೂ ಓದಿದ್ದೇನೆ. ಮೊದಲನೆಯದನ್ನು ಊಟದ ಹೊತ್ತಿನಲ್ಲಿ ಎಲ್ಲರಿಗೂ ಓದಿ ಹೇಳಿದೆ, ಎಲ್ಲರೂ ಮೆಚ್ಚಿದರು. ಆದರೆ ಅದರಲ್ಲಿ ದಿನ ಇರಲಿಲ್ಲ, ಆದ್ದರಿಂದ ದಿನ ಹೇಳಿದವರ ಕಡೆಗೆ ನಮ್ಮವರನ್ನು ಕಳುಹಿಸಿದೆ. ಎರಡನೆಯದರಲ್ಲಿ ಬಿಡುವಾದಾಗ ಎಂದಿದ್ದಿರಿ, ನಮಗೆ ಬಿಡುವಾಗಲಿಲ್ಲ. ಮೂರನೆಯದು ನನ್ನ ಕೈ ಮೀರಿ ಹೋಯಿತು. ವಂದನೆಗಳು. ಜೆಸಿಂತಾ ಮೆಂಡೋನ್ಸಾ, ಸೇವಾ ವಿಭಾಗ.’

ಕಸ್ತೂರಿ ಅದನ್ನು ಗಟ್ಟಿಯಾಗಿ ಓದಿದಳು. ಚನ್ನವೀರಪ್ಪ ಹಣೆ ಗಂಟಿಕ್ಕಿದರು.

“ನನ್ನ ಸಾಲು ಎಲ್ಲಾರೂ ಮೆಚ್ಚಿದ್ರಂತ?”

“ಹೌದ್ರಿ.”

“ಮತ್ತ ಯಾಕ ಬರಲಿಲ್ಲ?”

“ಮೆಚ್ಚಿದ್ರು, ಮಾವಾರ. ಮೆಚ್ಚೂದೊಂದ ಬಿಟ್ರ ಅವರಿಗೆ ನಾವು ಬ್ಯಾರೆ ಕೆಲಸಾನ ಹೇಳಿರ್ಲಿಲ್ಲ.”

ಅವರಿಗೆ ಇದು ತಿಳಿಯಲಿಲ್ಲ. ಆ ರಾತ್ರಿ ಊಟ ಮಾಡುವಾಗಲೂ, ಮೆಚ್ಚಿದವರು ಬರಬೇಕಿತ್ತಲ್ಲ ಎಂದು ಗೊಣಗುತ್ತಲೇ ಇದ್ದರು. ಕಸ್ತೂರಿ ಮಾತ್ರ ನೀಲಪ್ಪ ಮಾಸ್ತರರ ಮನೆಗೆ ಫೋನು ಮಾಡಿ, ಶನಿವಾರ ಬಂದು ಕಾರ್ಡು ಒಯ್ಯಿರಿ ಎಂದು ಹೇಳಿಯಾಗಿತ್ತು.

ಗುರುವಾರ ಮಧ್ಯಾಹ್ನ ಮೆಕ್ಯಾನಿಕ್ ಬಂದ. ದೀಪ ಹಚ್ಚುವ ಹೊತ್ತಿಗೆ ಯಂತ್ರ ತಿರುಗತೊಡಗಿತು. ಮಾಸ್ತರರು ಶನಿವಾರ ಕಾರ್ಡು ಒಯ್ದರು. ಕಾದು ಬೇಸತ್ತ ಕೆಲವು ಮನೆಯವರು ಅದಾಗಲೇ ಎದುರಿನ ಓಣಿಗೆ ದಾಟಿದ್ದರು. ಅವರು ಮರಳಲಿಲ್ಲ. ಉಳಿದವರ ಕೆಲಸ ಉಳಿಯಿತು, ಬಾಗಿಲೂ ತೆರೆದೇ ಉಳಿಯಿತು.

ಯಂತ್ರ ತಿರುಗಿದ ಆ ಗುರುವಾರ ಮೆಕ್ಯಾನಿಕ್ ಚೀಲ ಕಟ್ಟಿಕೊಂಡು ಹೊರಟಾಗ ಚನ್ನವೀರಪ್ಪ ಬಾಗಿಲ ತನಕ ಬಂದು ಕೈ ಮುಗಿದರು. “ಹಿಂಗ ಮ್ಯಾಲಿಂದ ಮ್ಯಾಲೆ ದಯಮಾಡಸ್ತಿರ್ರಿ. ಮನಿ ನಿಮ್ಮದು.”

“ಆಗಲಿ ಯಜಮಾನರೇ, ಖಂಡಿತ,” ಎಂದು ಅವನು ನಗುತ್ತ ಒಂದು ಮೆಟ್ಟಿಲು ಇಳಿದ.

“ಶ್ರಾವಣಕ್ಕಿಂತ ಮೊದಲ ಯಂತ್ರಾ ಒಮ್ಮೆ ನೋಡಬೇಕಲ್ರಿ,” ಎಂದಳು ಕಸ್ತೂರಿ. “ಯಾವ ದಿನ ಬರ್ತೀರಿ?”

ಅವನು ನಿಂತ. ಜೇಬಿನಿಂದ ಫೋನು ತೆಗೆದು, ದಿನ ನೋಡಿ ಹೇಳಿದ.

ನೀತಿ: ಕೆಲಸದ ಪತ್ರದ ಕೊನೆಯ ಸಾಲು ಇರುವುದು ಓದುವವರನ್ನು ಮೆಚ್ಚಿಸಲಿಕ್ಕಲ್ಲ, ಬೆದರಿಸಲಿಕ್ಕೂ ಅಲ್ಲ. ಅವರು ಏನು ಮಾಡಬೇಕು, ಯಾವ ದಿನದೊಳಗೆ ಮಾಡಬೇಕು ಎಂದು ತಿಳಿಸಲಿಕ್ಕೆ. ಬೇಕಾದದ್ದನ್ನು ಸ್ಪಷ್ಟವಾಗಿ ಕೇಳುವುದು ಒರಟುತನವಲ್ಲ. ಕೇಳದೆ, ತಾವಾಗಿಯೇ ಊಹಿಸಿಕೊಳ್ಳಲಿ ಎಂದು ಇನ್ನೊಬ್ಬರ ಮೇಲೆ ಹೊರಿಸುವುದೇ ಅಸೌಜನ್ಯ. ಮೊದಲು ಕೇಳಿರಿ, ಆಮೇಲೆ ವಂದಿಸಿರಿ. ವಂದನೆ ಒಂದೇ ಸಾಕು.