ಪುಷ್ಯಮಾಸದ ಮಾವಿನಹಣ್ಣು

ಮಕ್ಕಳೇ, ಕುದುರೆಗುಡ್ಡದ ಬುಡದಲ್ಲಿ ಒಂದು ಕುರುಚಲು ಕಾಡು. ಆ ಕಾಡಿನೊಳಗೆ ಒಂದು ಕೆರೆ, ಕೆರೆಯ ದಂಡೆಯಲ್ಲಿ ಒಂದು ಬೋರೆ ಮರ. ಆ ಮರದ ಮೇಲೆ ಈರಭದ್ರಪ್ಪ ಎಂಬ ಮುಸುವ ವಾಸವಾಗಿದ್ದ. ಕರಿ ಮುಖ, ಬಿಳಿ ಗಡ್ಡ, ಮಾರುದ್ದದ ಬಾಲ. ಗಂಟಲಂತೂ ಕಂಚಿನ ಗಂಟೆ. ಹುಲ್ಲಿನಲ್ಲಿ ಚಿರತೆಯ ಕಿವಿ ಅಲುಗಿದರೆ ಸಾಕು, "ಖ್ಯಾಕ್! ಖ್ಯಾಕ್!" ಎಂದು ಕೂಗುತ್ತಿದ್ದ. ಕೆಳಗೆ ಮೇಯುವ ಜಿಂಕೆಗಳು ಚಂಗನೆ ನೆಗೆದು ಪಾರಾಗುತ್ತಿದ್ದವು. ಹಾಗಾಗಿ ಎಲ್ಲರಿಗೂ ಅವನೆಂದರೆ ಮರ್ಯಾದೆ.

ಮರ್ಯಾದೆ ಹೆಚ್ಚಾದರೆ ಕೆಲವರಿಗೆ ತಲೆಗೇರುತ್ತದೆ. ಈರಭದ್ರಪ್ಪನಿಗೆ ನಾಲಿಗೆಗೇ ಏರಿತು. ಆಯಾ ಕಾಲಕ್ಕೆ ಸಿಗುವ ಹಣ್ಣು ಅವನಿಗೆ ಸೇರದು. ಮಳೆಗಾಲದಲ್ಲಿ ನೇರಳೆ ಉದುರುವಾಗ ಬೋರೆ ಬೇಕೆನ್ನುತ್ತಿದ್ದ. ಬೇಸಿಗೆಯಲ್ಲಿ ಹಲಸು ಘಮಘಮಿಸುವಾಗ ನೆಲ್ಲಿಕಾಯಿ ಎಲ್ಲಿ ಎನ್ನುತ್ತಿದ್ದ.

ಚಳಿಗಾಲ ಬಂತು. ಬೋರೆ ಮರ ಕೊಂಬೆ ಬಾಗುವಷ್ಟು ಹಣ್ಣು ಬಿಟ್ಟಿತು. ಅದೇ ಮರದ ಪೊಟರೆಯಲ್ಲಿದ್ದ ಅಳಿಲು ಗೌರಕ್ಕ ಹಣ್ಣು ಮೆಲ್ಲುತ್ತಾ ಕರೆದಳು.

"ಈರಣ್ಣ, ಒಳ್ಳೆ ಹದಕ್ಕೆ ಬಂದಿದೆ. ನಾಲ್ಕು ತಿನ್ನಬಾರದೇ?"

"ಬೋರೆಯಾ? ಥೂ! ಈಗ ಅದನ್ನು ಕಾಗೆಯೂ ತಿನ್ನುತ್ತದೆ, ಇರುವೆಯೂ ತಿನ್ನುತ್ತದೆ. ನಾನು ತಿಂದರೆ ಮಾವಿನಹಣ್ಣೇ!"

"ಪುಷ್ಯಮಾಸದಲ್ಲಿ ಮಾವಾ? ಇನ್ನೂ ಹೂವೇ ಸರಿಯಾಗಿ ಬಿಟ್ಟಿಲ್ಲವಲ್ಲ!"

"ಅದಕ್ಕೇ ಬೇಕು. ಎಲ್ಲರಿಗೂ ಸಿಗುವುದನ್ನೇ ತಿಂದರೆ ನನ್ನ ಹೆಚ್ಚುಗಾರಿಕೆ ಏನು ಉಳಿಯಿತು?"

ಈ ಮಾತು ಪೊದೆಯ ಹಿಂದಿದ್ದ ನರಿ ಕೆಂಚಪ್ಪನ ಕಿವಿಗೆ ಬಿತ್ತು. ಪಾಪ, ಅವನು ಮೂರು ದಿನದಿಂದ ಆ ಬೋರೆಹಣ್ಣುಗಳನ್ನೇ ನೋಡುತ್ತಾ ಜೊಲ್ಲು ಸುರಿಸುತ್ತಿದ್ದ. ಹತ್ತೋಣವೆಂದರೆ ನರಿಗೆ ಮರ ಹತ್ತಲು ಬಾರದು, ಮೇಲಾಗಿ ಬೋರೆ ಮರಕ್ಕೆ ಮೈತುಂಬ ಮುಳ್ಳು. ಅವನು ಮೀಸೆಯಡಿಯಲ್ಲೇ ನಕ್ಕು ಅಲ್ಲಿಂದ ಜಾರಿಕೊಂಡ.

ಮರುದಿನ ಬೆಳಿಗ್ಗೆ ಕೆಂಚಪ್ಪ ಎಲೆಯಲ್ಲಿ ಏನನ್ನೋ ಸುತ್ತಿಕೊಂಡು ಬಂದ.

"ಈರಭದ್ರಪ್ಪನವರೇ, ದೂರದ ಕಾಡಿನಿಂದ ತಂದೆ. ತಮ್ಮಂಥವರಿಗಲ್ಲದೆ ಇನ್ಯಾರಿಗೆ ಕೊಡಲಿ?"

ಎಲೆ ಬಿಚ್ಚಿದರೆ ಹಳದಿ ಬಣ್ಣದ ದುಂಡನೆಯ ಹಣ್ಣು! ನಿಜ ಹೇಳಬೇಕೆಂದರೆ ಅದು ಬೇಲಿಯ ಮೇಲೆ ಬಿಟ್ಟಿದ್ದ ಕಹಿಸೋರೆಯ ಮಿಡಿ. ಕೆಂಚಪ್ಪ ಅದಕ್ಕೆ ಕಾಡರಿಸಿನ ತಿಕ್ಕಿ, ಮಾವಿನೆಲೆಯಲ್ಲಿ ಸುತ್ತಿ ತಂದಿದ್ದ.

"ಬದಲಿಗೆ ಏನು ಕೊಡಲಿ?" ಎಂದ ಈರಭದ್ರಪ್ಪ, ಎದೆಯುಬ್ಬಿಸಿ.

"ಏನೂ ಬೇಡ. ಆ ಕೆಲಸಕ್ಕೆ ಬಾರದ ಬೋರೆಯನ್ನು ಒಂದಿಷ್ಟು ಉದುರಿಸಿಬಿಡಿ, ಸಾಕು."

ಈರಭದ್ರಪ್ಪ ಕೊಂಬೆಗಳನ್ನು ಹಿಡಿದು ಗಲಗಲ ಅಲುಗಾಡಿಸಿದ. ಕೆಂಚಪ್ಪ ಆರಿಸಿ ಆರಿಸಿ ತಿಂದ. ಗೌರಕ್ಕ, ಜಿಂಕೆಗಳ ಹಿರಿಯಳು ಹೊನ್ನಮ್ಮ, ಎಲ್ಲರೂ ನೋಡುತ್ತಿದ್ದಂತೆ ಈರಭದ್ರಪ್ಪ ತನ್ನ ಮಾವಿನಹಣ್ಣನ್ನು ಕಚ್ಚಿದ.

ಅಯ್ಯಯ್ಯೋ! ಬೇವಿನ ಕಷಾಯವೇ ಬಾಯಿಗೆ ಬಂದಂತಾಯಿತು. ಕಣ್ಣು ಕೆಂಪಾದವು, ಕಿವಿ ನಿಮಿರಿದವು, ಬಾಲ ತಾನಾಗಿಯೇ ಸುರುಳಿ ಸುತ್ತಿಕೊಂಡಿತು. ಉಗುಳೋಣವೆಂದರೆ ಸುತ್ತ ನೆರೆಹೊರೆಯವರು!

"ಹೇಗಿದೆ ಈರಣ್ಣ?" ಹೊನ್ನಮ್ಮ ಕೇಳಿದಳು.

"ಆ... ಆಹಾ! ಅಮೃತ!"

"ಗೊರಟೇ ಕಾಣೋದಿಲ್ಲವಲ್ಲ?" ಎಂದಳು ಗೌರಕ್ಕ.

"ಗೊರಟಿಲ್ಲದ ಜಾತಿ, ತಾಯಿ," ಕೆಂಚಪ್ಪ ಬಾಯಿ ಹಾಕಿದ. "ದೊಡ್ಡವರ ನಾಲಿಗೆಗೆ ಮಾತ್ರ ಇದರ ರುಚಿ ತಿಳಿಯುತ್ತದೆ."

ಇನ್ನೇನು ಮಾಡುವುದು? ಈರಭದ್ರಪ್ಪ ಅಷ್ಟನ್ನೂ ನುಂಗಿದ. ಮರುದಿನವೂ ಒಂದು ಬಂತು, ಅದರ ಮರುದಿನವೂ ಬಂತು. ಬೇಡವೆಂದರೆ ಮಾನ ಹೋಗುತ್ತದೆ, ತಿಂದರೆ ಪ್ರಾಣ ಹೋಗುತ್ತದೆ. ಅವನು ಮಾನವನ್ನೇ ಉಳಿಸಿಕೊಂಡ. ಹೊಟ್ಟೆ ಗುಡುಗುಡು ಎಂದಿತು. ದಿನಕ್ಕೆ ಹತ್ತು ಸಲ ಪೊದೆಯ ಮರೆಗೆ ಓಡಿ ಓಡಿ ಅವನ ಕಾಲು ಸೋತವು. ವಾಂತಿಯಾಗಿ ಗಂಟಲು ಹುಣ್ಣಾಯಿತು. ಕೆಂಚಪ್ಪ ಮಾತ್ರ ಬೋರೆ ತಿಂದು ದುಂಡಗಾದ, ಅವನ ತುಪ್ಪಳ ಮಿರಿಮಿರಿ ಮಿಂಚಿತು.

ಐದನೆಯ ದಿನ ಮಧ್ಯಾಹ್ನ ಹೊನ್ನಮ್ಮ ತನ್ನ ಮರಿಯೊಡನೆ ಮರದಡಿ ಮೇಯುತ್ತಿದ್ದಳು. ಕೆಳಗಿನ ಕೊಂಬೆಯಲ್ಲಿ ಒರಗಿದ್ದ ಈರಭದ್ರಪ್ಪನಿಗೆ ಹುಲ್ಲಿನಲ್ಲಿ ಎರಡು ಹಳದಿ ಕಣ್ಣು ಕಂಡವು. ಚಿರತೆ! ಅವನು ಬಾಯಿ ತೆರೆದ.

"ಕೀಂಯ್..."

ಅಷ್ಟೇ ಬಂತು, ಬಾಗಿಲ ಕೀಲು ಕಿರುಗುಟ್ಟಿದ ಹಾಗೆ. ಇನ್ನೊಮ್ಮೆ ಪ್ರಯತ್ನಿಸಿದ. ಅದೂ ಬರಲಿಲ್ಲ. ಮರಿ ನೆಮ್ಮದಿಯಿಂದ ಹುಲ್ಲು ಕಡಿಯುತ್ತಲೇ ಇತ್ತು. ಕೊನೆಗೆ ಅವನು ಕೊಂಬೆಯ ಹಿಡಿತ ಬಿಟ್ಟು ದೊಪ್ಪನೆ ಮರಿಯ ಪಕ್ಕಕ್ಕೇ ಬಿದ್ದ. ಮರಿ ಬೆಚ್ಚಿ ಹಾರಿತು, ಹೊನ್ನಮ್ಮನೂ ಓಡಿದಳು. ಚಿರತೆ ಈರಭದ್ರಪ್ಪನ ಮೇಲೆ ನೆಗೆಯಿತು. ಅವನು ತೆವಳುತ್ತಾ ಮುಳ್ಳುಪೊದೆಯ ಬುಡಕ್ಕೆ ನುಸುಳಿದ. ಚಿರತೆಯ ಮೂತಿಗೆ ಮುಳ್ಳು ನಾಟಿತು. ಬಾಲದ ತುದಿಯ ಒಂದು ಹಿಡಿ ಕೂದಲಷ್ಟೇ ಅದಕ್ಕೆ ದಕ್ಕಿದ್ದು. ಅದು ಗುರುಗುಟ್ಟುತ್ತಾ ಹೊರಟುಹೋಯಿತು.

ಎಲ್ಲರೂ ಓಡಿಬಂದರು. "ನಿನ್ನ ಕೂಗನ್ನೇ ನಂಬಿ ನಾವು ಮೇಯುವುದು, ಈರಣ್ಣ. ನಿನ್ನ ಗಂಟಲಿಗೆ ಏನಾಯಿತು?" ಹೊನ್ನಮ್ಮ ನಡುಗುತ್ತಾ ಕೇಳಿದಳು.

ಈರಭದ್ರಪ್ಪ ತಲೆ ತಗ್ಗಿಸಿದ. "ಅದು ಮಾವಲ್ಲ ತಾಯಿ. ಕಹಿ, ಬರೀ ಕಹಿ. ಹೇಳಿಕೊಳ್ಳಲು ನಾಚಿಕೆಯಾಯಿತು," ಎಂದು ಪಿಸುಗುಟ್ಟಿದ.

ಗೌರಕ್ಕ ಸರಸರನೆ ಮರ ಹತ್ತಿದಳು. ಮೇಲಿನ ಕೊಂಬೆಯಲ್ಲಿ ಉಳಿದಿದ್ದ ಹಣ್ಣನ್ನು ತಂದು ಅವನ ಅಂಗೈಗೆ ಸುರಿದಳು. ಅವನು ಒಂದನ್ನು ಬಾಯಿಗಿಟ್ಟ. ಸಿಹಿ, ಅದರ ಹಿಂದೆಯೇ ಒಂದಿಷ್ಟು ಹುಳಿ. ಆಮೇಲೆ ಅವನು ಯಾರ ಮುಖವನ್ನೂ ನೋಡದೆ ಅಷ್ಟನ್ನೂ ತಿಂದ.

ಮರುದಿನ ಕೆಂಚಪ್ಪ ಎಂದಿನಂತೆ ಎಲೆಯ ಪೊಟ್ಟಣದೊಡನೆ ಹಾಜರಾದ.

"ಬಾ ಕೆಂಚಪ್ಪ," ಎಂದ ಈರಭದ್ರಪ್ಪ. "ದಿನಾ ನಾನೊಬ್ಬನೇ ತಿನ್ನುವುದು ಸರಿಯಲ್ಲ. ಇವತ್ತಿನದು ನಿನಗೇ."

"ಛೇ ಛೇ, ನಾನು ಬಡವ, ನನಗ್ಯಾಕೆ..."

ಸುತ್ತ ನೋಡಿದರೆ ಜಿಂಕೆಗಳು ಕೊಂಬು ಬಗ್ಗಿಸಿ ನಿಂತಿದ್ದವು. ಕೆಂಚಪ್ಪ ಕಚ್ಚಿದ. ಮೂತಿ ಸೊಟ್ಟಗಾಯಿತು, ನಾಲಿಗೆ ಹೊರಬಿತ್ತು. "ನೀರು! ನೀರು!" ಎಂದು ಊಳಿಡುತ್ತಾ ಕೆರೆಗೆ ಧುಮುಕಿದ. ಆ ದಿನದಿಂದ ಅವನು ಕುದುರೆಗುಡ್ಡದ ಕಡೆ ತಲೆಹಾಕಲಿಲ್ಲ.

ನೀತಿ: ಕಾಲಕಾಲಕ್ಕೆ ಬೆಳೆದದ್ದು ಮೈಗೆ ಬಲ, ದೊಡ್ಡಸ್ತಿಕೆಗಾಗಿ ತಿಂದದ್ದು ಹೊಟ್ಟೆಗೆ ಶೂಲ.