ಅರ್ಧ ತುತ್ತಿನ ಕಾನೂನು

ಜಾಲಿ ಮತ್ತು ಕಾರೆಯ ಪೊದೆಗಳೇ ತುಂಬಿದ್ದ ಒಂದು ಕಾಡಿನಲ್ಲಿ, ಉಳಿದೆಲ್ಲ ಬೆಳಿಗ್ಗೆಗಳಂತೆಯೇ ಇದ್ದ ಒಂದು ಬೆಳಿಗ್ಗೆ, ಒಬ್ಬಳು ಕಡವೆ ಹೊಳೆಯಲ್ಲಿ ನೀರು ಕುಡಿದು ತಲೆಯೆತ್ತಿ ಒಂದು ಮಾತು ಆಡಿದಳು. ಆಡಿದಾಗ ಅದು ದೊಡ್ಡ ಮಾತೆಂದು ಅವಳಿಗೇ ಅನಿಸಿರಲಿಲ್ಲ.

“ನನ್ನ ಗೊರಸು ಗಟ್ಟಿ. ಹುಟ್ಟಿದ ಮೇಲೆ ಒಂದು ಮುಳ್ಳೂ ಚುಚ್ಚಿಲ್ಲ. ನಾನು ಯಾಕೆ ದಿನಾ ತುತ್ತು ಹೊತ್ತು ತರಬೇಕು?”

ತುತ್ತು ಎಂದರೆ ಆ ಕಾಡಿನ ತೆರಿಗೆ. ನೀರಿಗೆ ಬರುವ ಪ್ರತಿಯೊಬ್ಬರೂ ತಾವು ತಿನ್ನುವುದರಲ್ಲಿ ಒಂದು ಬಾಯಿ ತುಂಬ ತಂದು ಹೊಳೆದಂಡೆಯ ಬಂಡೆಯ ಮೇಲೆ ಇಡಬೇಕಿತ್ತು. ಆ ಬಂಡೆಯ ಮೇಲೆ ಮುಸುವಜ್ಜಿ ಕೂತಿರುತ್ತಿದ್ದಳು. ಅವಳ ಮುಖ ಕಪ್ಪು, ಮೈ ಬೂದಿ ಬಣ್ಣ, ಬೆರಳು ಉದ್ದ. ಉಳಿದ ಮುಸುವಗಳು ಮರ ಬಿಟ್ಟು ಇಳಿಯುತ್ತಿರಲಿಲ್ಲ. ಇವಳೊಬ್ಬಳು ಇಳಿದು ಬಂದು, ಯಾರ ಕಾಲಿಗೆ ಮುಳ್ಳು ಹೊಕ್ಕರೂ ತೆಗೆಯುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ ಅದೇ ಕೆಲಸ. ಹಣ್ಣು, ಚಿಗುರು ಹುಡುಕಿಕೊಂಡು ಹೋಗಲು ಅವಳಿಗೆ ಬಿಡುವಿರಲಿಲ್ಲ. ಆದ್ದರಿಂದ ತುತ್ತು.

ಕಡವೆಯ ಮಾತಿಗೆ ಕಾಡುಹಂದಿ ದನಿಗೂಡಿಸಿದ. ಅವನ ಹಿಂಗಾಲು ಆಗ ಮುಸುವಜ್ಜಿಯ ಮಡಿಲಲ್ಲಿತ್ತು. “ಸರಿಯಾಗಿ ಹೇಳಿದೆ ಅಕ್ಕ. ನನ್ನ ಬಾಯಿ ದೊಡ್ಡದು, ನನ್ನ ತುತ್ತೂ ದೊಡ್ಡದು. ಮೊಲದ ತುತ್ತು ಎರಡು ಎಸಳು ಹುಲ್ಲು. ಅಜ್ಜಿ ಮಾತ್ರ ಇಬ್ಬರ ಕಾಲನ್ನೂ ಒಂದೇ ಸಮ ನೋಡ್ತಾಳೆ. ಇದು ಯಾವ ನ್ಯಾಯ?”

“ಆ ಎರಡು ಎಸಳಿಗೆ ನಾನು ಅರ್ಧ ಹೊತ್ತು ಓಡಾಡಬೇಕು ಹಂದಿಯಣ್ಣ,” ಎಂದ ಮೊಲ. “ನೀನು ಮೂತಿ ಊರಿದರೆ ಸಾಕು.”

“ನನಗಂತೂ ಇಲ್ಲಿಯವರೆಗೆ ಒಂದು ಮುಳ್ಳೂ ಒಳಗೆ ಹೋಗಿಲ್ಲ,” ಎಂದ ಮುಳ್ಳುಹಂದಿ.

“ಹೊರಗೆ ಬರೋದಕ್ಕೇ ಅವಕ್ಕೆ ಹೊತ್ತು ಸಾಲೋದಿಲ್ಲ. ಒಳಗೆ ಹೋಗೋದು ಯಾವಾಗ?” ಎಂದ ಹಂದಿ.

ಕಾಡುಕೋಣ ಗಂಟಲು ಸರಿಮಾಡಿಕೊಂಡ. “ನಮ್ಮಪ್ಪನ ಕಾಲದಲ್ಲಿ ಮುಳ್ಳು ತೆಗೆಯೋರೇ ಇರಲಿಲ್ಲ. ಮುಳ್ಳು ತಾನಾಗಿ ಹೋಗ್ತಿತ್ತು, ತಾನಾಗಿ ಬರ್ತಿತ್ತು.”

“ನಿಮ್ಮಪ್ಪ ಏನಾದರು ಮಾವ?” ಮೊಲ ಕೇಳಿದ.

“ಕಾಲಿಗೆ ಕೀವಾಗಿ ಸತ್ತ. ಆದರೆ ಯಾರ ಹಂಗಿನಲ್ಲೂ ಸಾಯಲಿಲ್ಲ.”

ಇದನ್ನೆಲ್ಲ ನರಿ ಪೊದೆಯ ಪಕ್ಕದಲ್ಲಿ ನಿಂತು ಕೇಳುತ್ತಿದ್ದ. ತುತ್ತು ತಾರದವನು ಇಡೀ ಕಾಡಿನಲ್ಲಿ ಅವನೊಬ್ಬನೇ. “ನಾನು ಮಾಂಸ ತಿನ್ನುವವನು. ಅಜ್ಜಿಯ ನೇಮ ಕೆಡಬಾರದು,” ಎಂದು ನಯವಾಗಿ ಹೇಳುತ್ತಿದ್ದ. ಈಗ ಅವನು ಮುಂದೆ ಬಂದ.

“ಕಡವೆಯಕ್ಕನ ಮಾತಿನಲ್ಲಿ ತೂಕ ಇದೆ,” ಎಂದ. “ಅಜ್ಜಿಯ ಮೇಲೆ ನಮಗೇನೂ ಸಿಟ್ಟಿಲ್ಲ. ಸಿಟ್ಟಿರೋದು ಸುಳ್ಳು ಕುಂಟರ ಮೇಲೆ. ಸುಮ್ಮನೆ ಕಾಲು ಒತ್ತಿಸಿಕೊಳ್ಳೋಕೆ ಅಂತಲೇ ಬರೋರು ಇದ್ದಾರೆ. ಹೆಸರು ಹೇಳೋಲ್ಲ.”

ಎಲ್ಲರೂ ಮೊಲವನ್ನು ನೋಡಿದರು. ಮೊಲ ತನ್ನ ಕಾಲನ್ನು ನೋಡಿಕೊಂಡ.

ನರಿ ತನ್ನ ಯೋಜನೆ ಹೇಳಿದ. ಅವನು ಗುಡ್ಡದ ತುದಿಯಲ್ಲಿ ಕೂರುತ್ತಾನೆ. ಮುಳ್ಳು ಚುಚ್ಚಿದವರು ಮೊದಲು ಅಲ್ಲಿಗೆ ಬಂದು ತೋರಿಸಬೇಕು. ನಿಜವಾಗಿ ನಡೆಯಲಾಗದವರಿಗೆ ಅವನು ಒಂದು ಮುತ್ತುಗದ ಎಲೆಗೆ ಹಲ್ಲಿನ ಗುರುತು ಹಾಕಿ ಕೊಡುತ್ತಾನೆ. ಎಲೆ ಇಲ್ಲದ ಕಾಲನ್ನು ಅಜ್ಜಿ ಮುಟ್ಟಬಾರದು. ಇದನ್ನು ನೋಡಿಕೊಳ್ಳಲು ಎರಡು ಗೊರವಂಕಗಳು ಬಂಡೆಯ ಮೇಲಿನ ಕೊಂಬೆಯಲ್ಲಿರುತ್ತವೆ. “ಸುಳ್ಳು ಕುಂಟರು ನಿಂತರೆ ಖರ್ಚೂ ನಿಂತ ಹಾಗೆ. ಇನ್ನು ಮೇಲೆ ಅರ್ಧ ತುತ್ತು ಸಾಕು. ಅದನ್ನು ಗುಡ್ಡದ ಬುಡದಲ್ಲಿ ಇಡಿ. ಅಜ್ಜಿಗೆ ಎಷ್ಟು ಬೇಕೋ ನಾನೇ ಕಳಿಸ್ತೀನಿ.”

ಅರ್ಧ ತುತ್ತು ಎಂಬ ಮಾತು ಕೇಳಿದ ಮೇಲೆ ಉಳಿದ ಮಾತು ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಎಲ್ಲರೂ ಒಪ್ಪಿದರು. ಅಜ್ಜಿಯನ್ನು ಯಾರೂ ಕೇಳಲಿಲ್ಲ. ಅವಳು ಹಂದಿಯ ಕಾಲಿನ ಕೆಲಸ ಮುಗಿಸಿ, ಕೈ ತೊಳೆದುಕೊಂಡಳು.

ಆ ದಿನದಿಂದ ಕಡವೆಗೆ ಹೊಸ ಮರ್ಯಾದೆ ಬಂತು. ನರಿ ಏನು ಹೇಳಿದರೂ “ಕಡವೆಯಕ್ಕ ಅಂದ ಹಾಗೆ” ಎಂದೇ ಶುರು ಮಾಡುತ್ತಿದ್ದ. ದಾರಿಯಲ್ಲಿ ಸಿಕ್ಕವರು, “ಒಳ್ಳೆ ಮಾತು ಆಡಿದೆಯಮ್ಮ, ಬಾಯಿ ಹಗುರಾಯಿತು,” ಎನ್ನುತ್ತಿದ್ದರು. ಅವಳಿಗೆ ಸಂಕೋಚವಾಗುತ್ತಿತ್ತು. ಸಂತೋಷವೂ ಆಗುತ್ತಿತ್ತು. ಆ ವರ್ಷ ಅವಳಿಗೊಂದು ಮರಿಯಿತ್ತು. ತುಂಬೆ ಎಂದು ಹೆಸರು. ತಾಯಿಯ ಹೊಟ್ಟೆಯ ಕೆಳಗೆ ನಡೆಯುವಷ್ಟು ಚಿಕ್ಕದು.

ಎಲೆಗಾಗಿ ಮೊದಲು ಗುಡ್ಡ ಹತ್ತಿದವನು ಹಂದಿ. ಅವನಿಗೆ ಮತ್ತೆ ಮುಳ್ಳು ಚುಚ್ಚಿತ್ತು. ಮೂರು ಕಾಲಿನಲ್ಲಿ ಏದುತ್ತ ತುದಿ ಮುಟ್ಟಿದ. ನರಿ ಅವನ ಸುತ್ತ ಒಂದು ಸುತ್ತು ಬಂದ.

“ಹತ್ತಿ ಬಂದೆಯಲ್ಲ,” ಎಂದ.

“ಬಂದೆ.”

“ಹಾಗಾದರೆ ಕಾಲು ಚೆನ್ನಾಗಿದೆ. ಎಲೆ ಇರೋದು ನಡೆಯಲಾಗದವರಿಗೆ.”

ಹಂದಿ ಬಂದಂತೆಯೇ ಮೂರು ಕಾಲಿನಲ್ಲಿ ಇಳಿದು ಹೋದ. ಆಮೇಲೆ ಮೊಲಕ್ಕೆ ಮುಳ್ಳು ಚುಚ್ಚಿತು. ಮೊಲಕ್ಕೆ ಹತ್ತಲೇ ಆಗಲಿಲ್ಲ. ಹತ್ತದ ಮೇಲೆ ನರಿಯ ಪಾಲಿಗೆ ಅವನು ಇರಲೇ ಇಲ್ಲ.

ತಿಂಗಳು ಕಳೆದ ಮೇಲೆ ನರಿ ಎಲ್ಲರನ್ನೂ ಗುಡ್ಡದ ಬುಡಕ್ಕೆ ಕರೆದ. “ಹಿಂದೆ ಆ ಬಂಡೆಯ ಮುಂದೆ ದಿನಾ ಜಾತ್ರೆ ಇರ್ತಿತ್ತು. ಈ ತಿಂಗಳು ಒಬ್ಬರಿಗೂ ಎಲೆ ಬೇಕಾಗಲಿಲ್ಲ. ಕಡವೆಯಕ್ಕನ ಒಂದು ಮಾತಿನಿಂದ ಇಡೀ ಕಾಡಿನ ಆರೋಗ್ಯ ಸುಧಾರಿಸಿದೆ,” ಎಂದ.

“ನನಗೂ ಅದೇ ಅನಿಸ್ತಿತ್ತು,” ಎಂದ ಕಾಡುಕೋಣ. “ಮೈ ಹಗುರಾಗಿದೆ.”

ಮೊಲ ಸಭೆಗೆ ಬಂದಿಲ್ಲದ್ದನ್ನು ಕಡವೆ ಗಮನಿಸಿದಳು. ನೆಂಟರ ಮನೆಗೆ ಹೋಗಿರಬೇಕು ಎಂದುಕೊಂಡಳು. ನರಿ ಮೊದಲಿಗಿಂತ ದುಂಡಗಾಗಿದ್ದ. ಗುಡ್ಡದ ಗಾಳಿಗೆ ಅವನಿಗೆ ಹಣ್ಣು ಒಗ್ಗಿತ್ತು.

ಸಭೆಯಾದ ಮೂರನೆಯ ದಿನ ತುಂಬೆಯ ಎಡ ಮುಂಗಾಲಿನ ಗೊರಸಿನ ಸಂದಿಗೆ ಕಾರೆಮುಳ್ಳು ಹೊಕ್ಕಿತು. ಕಡವೆ ಅದನ್ನು ಮೆಲ್ಲಗೆ ನಡೆಸಿಕೊಂಡು ಬಂಡೆಯ ಹತ್ತಿರ ಬಂದಳು. ಮುಸುವಜ್ಜಿ ನೋಡಿದಳು. ಮೇಲೆ ಕೊಂಬೆಯಲ್ಲಿದ್ದ ಗೊರವಂಕಗಳನ್ನೂ ನೋಡಿದಳು. ಆಮೇಲೆ ಕೈ ಚಾಚಿದಳು.

“ತಾ ಇಲ್ಲಿ,” ಎಂದಳು. “ಅವು ಕಿರುಚಿಕೊಳ್ಳಲಿ.”

ಕಡವೆ ಮರಿಯನ್ನು ಹಿಂದಕ್ಕೆ ಸರಿಸಿದಳು. “ಬೇಡ ಅಜ್ಜಿ. ನಾನು ಆಡಿದ ಮಾತು. ನಾನೇ ಮುರಿದರೆ ಉಳಿದವರು ಏನಂದಾರು? ಎಲೆ ತರ್ತೀನಿ. ನನಗೆ ಅವನು ಇಲ್ಲ ಅನ್ನೋಲ್ಲ.”

ಅಜ್ಜಿಯ ಕೈ ಸ್ವಲ್ಪ ಹೊತ್ತು ಹಾಗೆಯೇ ಚಾಚಿಕೊಂಡಿತ್ತು. ಆಮೇಲೆ ಅವಳು ಅದನ್ನು ಮಡಿಲಿಗೆ ಎಳೆದುಕೊಂಡಳು.

ಕಡವೆ ಮರಿಯನ್ನು ತಲೆಯಿಂದ ತಳ್ಳಿಕೊಂಡು ಗುಡ್ಡ ಹತ್ತಿದಳು. ತುಂಬೆ ನಾಲ್ಕು ಹೆಜ್ಜೆಗೊಮ್ಮೆ ಕೂರುತ್ತಿತ್ತು. ಬಿಸಿಲು ಇಳಿಯುವ ಹೊತ್ತಿಗೆ ತುದಿ ಸಿಕ್ಕಿತು. ನರಿ ಎದ್ದು ನಿಂತು ಸ್ವಾಗತಿಸಿದ.

“ಕಡವೆಯಕ್ಕ ಬಂದಿರಿ. ಕೂತುಕೊಳ್ಳಿ. ಮರಿಯೂ ಹತ್ತಿ ಬಂತಲ್ಲ, ಭೇಷ್.”

“ಹತ್ತಲಿಲ್ಲ. ನಾನು ತಳ್ಳಿಕೊಂಡು ಬಂದೆ.”

“ತಳ್ಳಿದ್ದನ್ನ ನಾನು ನೋಡಲಿಲ್ಲ ಅಕ್ಕ. ನಿಂತಿರೋದನ್ನ ನೋಡ್ತಾ ಇದ್ದೀನಿ.”

“ಕಾಲು ನೋಡು.”

“ಕಾಲು ನೋಡೋದು ಅಜ್ಜಿಯ ಕೆಲಸ. ನನ್ನದು ನಡಿಗೆ ನೋಡೋ ಕೆಲಸ.”

“ಇದು ನನ್ನ ಮಗು,” ಎಂದಳು ಕಡವೆ.

ನರಿ ದನಿ ತಗ್ಗಿಸಿದ. “ನನಗೆ ಗೊತ್ತಿಲ್ಲವೇ? ಆದರೆ ನಿಮ್ಮ ಮಗು ಅಂತ ಬಿಟ್ಟರೆ ನಿಮ್ಮ ಮಾತಿಗೆ ಬೆಲೆ ಎಲ್ಲಿ ಉಳೀತು?”

ಅವಳು ಇಳಿಯತೊಡಗಿದಳು. ಅರ್ಧ ದಾರಿಯಲ್ಲಿ ತುಂಬೆ ಮಲಗಿತು. ಮತ್ತೆ ಏಳಲಿಲ್ಲ. ಅದರ ಕಾಲು ಊದಿತ್ತು, ಮೈ ಸುಡುತ್ತಿತ್ತು. ಬೆಳಗಾದ ಮೇಲೆ ಕಡವೆ ಬಂಡೆಗೆ ಓಡಿದಳು. ಬಂಡೆ ಖಾಲಿಯಾಗಿತ್ತು. ಗುಡ್ಡದಿಂದ ಮೂರು ದಿನ ಏನೂ ಬಾರದ ಕಾರಣ ಅಜ್ಜಿ ಹೊಳೆ ದಾಟಿ, ಆಚೆಯ ಕಾಡಿಗೆ ಅತ್ತಿಹಣ್ಣು ಹುಡುಕಲು ಹೋಗಿದ್ದಳು. ಅವಳು ಮರಳಿದ್ದು ಮಾರನೆಯ ಮಧ್ಯಾಹ್ನ. ವಿಷಯ ತಿಳಿದವಳೇ ಆ ವಯಸ್ಸಿನಲ್ಲಿ ಗುಡ್ಡ ಹತ್ತಿದಳು. ತುಂಬೆಯ ತಣ್ಣಗಾದ ಕಾಲನ್ನು ಮಡಿಲಿಗೆ ತೆಗೆದುಕೊಂಡಳು. ಆಮೇಲೆ ಮೆಲ್ಲಗೆ ಕೆಳಗಿಟ್ಟಳು.

“ಇನ್ನು ಇದು ನೋಯೋದಿಲ್ಲ,” ಎಂದಳು.

ಮುಂದಿನ ತಿಂಗಳ ಸಭೆಗೂ ಕಡವೆ ಹೋದಳು. ಈ ತಿಂಗಳೂ ಒಬ್ಬರಿಗೂ ಎಲೆ ಬೇಕಾಗಲಿಲ್ಲ ಎಂದು ನರಿ ಹೇಳಿದ. ಯಾರೂ ತಲೆಯೆತ್ತಲಿಲ್ಲ.

“ತುಂಬೆಯನ್ನ ಯಾವುದರಲ್ಲಿ ಸೇರಿಸಿದ್ದೀಯ?” ಎಂದು ಕಡವೆ ಕೇಳಿದಳು.

“ಗುಡ್ಡ ಹತ್ತಿದವರಲ್ಲಿ ಅಕ್ಕ,” ಎಂದ ನರಿ. “ಗಟ್ಟಿಮುಟ್ಟಾದವರಲ್ಲಿ.”

ಮರುದಿನ ಬೆಳಿಗ್ಗೆ ಕಡವೆ ಬಾಯಿ ತುಂಬ ಚಿಗುರು ತಂದಳು. ಗುಡ್ಡದ ಕಡೆ ಹೋಗದೆ ನೇರವಾಗಿ ಬಂಡೆಯ ಮೇಲೆ ಇಟ್ಟಳು. ಆಮೇಲೆ ಮೊಲವನ್ನು ಹುಡುಕಿಕೊಂಡು ಹೋದಳು. ಮೊಲ ಒಂದು ಪೊದೆಯ ಅಡಿಯಲ್ಲಿ ಬಿದ್ದಿದ್ದ. ಅರ್ಧಕ್ಕರ್ಧ ಸೊರಗಿದ್ದ.

“ನನಗೇನೂ ಆಗಿಲ್ಲ ಅಕ್ಕ,” ಎಂದ. “ಕಾಡಿನಲ್ಲಿ ಯಾರಿಗೂ ಏನೂ ಆಗಿಲ್ಲವಂತೆ. ಗೊರವಂಕ ಹೇಳಿತು.”

ಅವಳು ಮಂಡಿಯೂರಿ ಅವನನ್ನು ಬೆನ್ನಿಗೆ ಹತ್ತಿಸಿಕೊಂಡಳು. ಬಂಡೆಯ ಮುಂದೆ ಇಳಿಸಿದಳು. ಅಜ್ಜಿ ಎಲೆ ಕೇಳಲಿಲ್ಲ. ಗೊರವಂಕಗಳು ಕಿರುಚಿದವು. ಕಡವೆ ತಿರುಗಿ ನೋಡದೆ ಹೊರಟುಹೋದಳು.

ಮೊಲ ನಡೆಯುತ್ತಿರುವುದನ್ನು ಕಂಡು ಹಂದಿ ಬಂದ. ಬರುವಾಗ ಎರಡು ಗೆಡ್ಡೆ ಕಚ್ಚಿಕೊಂಡು ಬಂದ, ದೊಡ್ಡವು. ಅವನ ಹಿಂದೆ ಕಾಡುಕೋಣ ಬಂದ. “ನನಗೇನೂ ಇಲ್ಲ. ಹಿಂಗಾಲಿನಲ್ಲಿ ಏನೋ ಸ್ವಲ್ಪ. ಬಂದದ್ದು ಬಂದೆ, ಸುಮ್ಮನೆ ನೋಡಿಬಿಡು,” ಎಂದ. ಎರಡು ತಿಂಗಳಿನಿಂದ ಎಲ್ಲರೂ ಅಡಗಿಸಿಟ್ಟುಕೊಂಡಿದ್ದ ಕಾಲುಗಳು ಒಂದೊಂದಾಗಿ ಹೊರಗೆ ಬಂದವು. ಸಾಲು ಹೊಳೆಯ ತಿರುವಿನವರೆಗೆ ಬೆಳೆಯಿತು. ಕಿರುಚಿ ಕಿರುಚಿ ಗೊರವಂಕಗಳಿಗೆ ಗಂಟಲು ಕಟ್ಟಿತು. ಕೊನೆಗೆ ಅವು ಹಾರಿಹೋದವು.

ಗುಡ್ಡದ ಬುಡಕ್ಕೆ ತುತ್ತು ಬರುವುದು ನಿಂತಿತು. ನಾಲ್ಕು ದಿನ ಕಾದ ನರಿ ಐದನೆಯ ದಿನ ತಾನೇ ಬೋರೆಹಣ್ಣು ಹುಡುಕಲು ಪೊದೆಗೆ ನುಗ್ಗಿದ. ಅಭ್ಯಾಸ ತಪ್ಪಿಹೋಗಿತ್ತು. ಮುಳ್ಳು ಪಾದದ ನಡುವಿಗೇ ಇಳಿಯಿತು. ಅವನು ಒಂದು ಮುತ್ತುಗದ ಎಲೆಗೆ ತನ್ನದೇ ಹಲ್ಲಿನ ಗುರುತು ಹಾಕಿ, ಒಂದು ಕಾಗೆಯ ಕೈಲಿ ಕೆಳಗೆ ಕಳಿಸಿದ. ಎಲೆಯನ್ನು ಹಂದಿ ತಿರುಗಿಸಿ ಮುರುಗಿಸಿ ನೋಡಿದ.

“ಎಲೆ ಬಂದಿದೆ ಅಜ್ಜಿ. ಕಾಲು ಬಂದಿಲ್ಲ.”

“ಸಾಲು ಇದೆಯಲ್ಲ,” ಎಂದಳು ಅಜ್ಜಿ. “ಬಂದು ನಿಲ್ಲಲಿ.”

ನರಿ ಗುಡ್ಡ ಇಳಿಯಲು ಎರಡು ದಿನ ಹಿಡಿಯಿತು. ಕೊನೆಯ ಭಾಗ ತೆವಳಿಕೊಂಡೇ ಬಂದ. ಸಾಲಿನಲ್ಲಿದ್ದವರೆಲ್ಲ ಅವನನ್ನು ನೋಡಿದರು. ಮೊದಲು ಬಾಯಿ ತೆರೆದವನು ಕಾಡುಕೋಣ.

“ಇಳಿದು ಬಂದೆಯಲ್ಲ ನರಿಯಣ್ಣ. ಹಾಗಾದರೆ ಕಾಲು ಚೆನ್ನಾಗಿದೆ.”

ಸಾಲಿನ ಉದ್ದಕ್ಕೂ ನಗು ಹರಿಯಿತು. ನರಿ ಕಿವಿ ಜೋತುಬಿಟ್ಟು ಎಲ್ಲರಿಗಿಂತ ಹಿಂದೆ ಕೂತ. ಅವನ ಸರದಿ ಬಂದಾಗ ಅಜ್ಜಿ ಕೈ ಚಾಚಲಿಲ್ಲ. ಪಕ್ಕದಲ್ಲಿ ನಿಂತಿದ್ದ ಕಡವೆಯ ಕಡೆ ತಿರುಗಿದಳು. ನಗು ನಿಂತಿತು.

“ಏನು ಮಾಡಲಿ?” ಎಂದು ಅಜ್ಜಿ ಕೇಳಿದಳು.

ಕಡವೆ ಬಹಳ ಹೊತ್ತು ನರಿಯನ್ನು ನೋಡಿದಳು. ಅವನು ಅವಳನ್ನು ನೋಡಲಿಲ್ಲ.

“ತೆಗಿ,” ಎಂದಳು.

“ಇವನು ಹುಟ್ಟಿದ ಮೇಲೆ ಒಂದು ತುತ್ತೂ ತಂದಿಲ್ಲ,” ಎಂದ ಹಂದಿ.

“ನಾನು ದಿನಾ ಎರಡು ತರ್ತೀನಿ,” ಎಂದಳು ಕಡವೆ.

ಮುಳ್ಳು ನರಕ್ಕೆ ತಾಗಿದ್ದರಿಂದ ನರಿ ಮುಂದೆ ಬದುಕಿರುವವರೆಗೂ ಕುಂಟಿದ. ಕುಂಟುತ್ತಲೇ ದಿನವೂ ತನ್ನ ತುತ್ತು ತಂದಿಟ್ಟ. ಅದು ಸುಳ್ಳು ಕುಂಟೆಂದು ಹಂದಿ ಕೊನೆಯವರೆಗೂ ನಂಬಿದ್ದ. ಆದರೆ ಅದು ಆಮೇಲಿನ ಮಾತು. ಆ ದಿನ ಅಜ್ಜಿ ನರಿಯ ಕಾಲನ್ನು ಮಡಿಲಿಗೆ ಎಳೆದುಕೊಂಡಾಗ ಕಡವೆ ಅಲ್ಲಿಂದ ಹೋಗಲಿಲ್ಲ. ಮುಳ್ಳು ತೆಗೆಯುವುದನ್ನು ಅವಳು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅಜ್ಜಿಗೆ ಹಿಡಿದದ್ದು ಎರಡು ಉಸಿರಿನಷ್ಟು ಹೊತ್ತು.

ನೀತಿ: ಆರೋಗ್ಯವಾಗಿರುವವರು ಕೊಡುವ ಪಾಲಿನಿಂದಲೇ ಕಾಯಿಲೆಯವರಿಗೆ ಆರೈಕೆ ಸಿಗುತ್ತದೆ; ನಾಳೆ ಕುಂಟುವ ಕಾಲು ಯಾರದೆಂದು ಇವತ್ತು ಯಾರಿಗೂ ತಿಳಿದಿರುವುದಿಲ್ಲ.